ಭೂಪಟದಲ್ಲಿಲ್ಲದ ನಾಡು

ಉತ್ತರ ಐರ್ಲೆಂಡಿನ ರಾಜಧಾನಿಯಾದ ಬೆಲ್ಫಾಸ್ಟ್ ನಗರಕ್ಕೆ ಹೋದ ಪ್ರವಾಸಿಗೆ ಊರಿನವರು ಮೊದಲು ತೋರಿಸುವುದು ತಮ್ಮ ಹಳೆಯ ಹಡಗು ಕಟ್ಟುವ ಕಾರ್ಖಾನೆಯ ನೆಲವನ್ನು. 'ಟೈಟಾನಿಕ್' ಎಂಬ ದುರದೃಷ್ಟದ ಹಡಗು 1911ರ ಮೇ 31ರಂದು ನೀರಿಗಿಳಿದದ್ದು ಇಲ್ಲಿಂದಲೇ. ಆ ಉದ್ಯಮದ ವೈಭವ ಕಾಲಕ್ರಮದಲ್ಲಿ ಇಳಿಯಿತು. ಅದರ ಮೇಲೆ, ಮೂರು ದಶಕಗಳ ಕಾಲ ಮತಭೇದದ ಮತ್ತು ರಾಜಕೀಯದ ಹಿಂಸೆಯಲ್ಲಿ ನಗರ ಬೆಂದು, 1998ರ ಒಪ್ಪಂದದ ಅನಂತರ ಮೆಲ್ಲಗೆ ಉಸಿರಾಡತೊಡಗಿತು. ಹಡಗಿನ ಭಾಗಗಳಿಗೆ ಬಣ್ಣ ಬಳಿಯಲೆಂದು ಕಟ್ಟಿದ್ದ 'ಪೇಂಟ್ ಹಾಲ್' ಎಂಬ ಭಾರಿ ಕಟ್ಟಡ ಹಳೆಯ ಕೆಲಸವಿಲ್ಲದೆ ನಿಂತಿತ್ತು. ಅದರೊಳಕ್ಕೆ ಒಂದು ದಿನ ಕತ್ತಿಗಳಿಂದ ಮಾಡಿದ ಸಿಂಹಾಸನವೊಂದು ಬಂತು. ಅದರ ಬೆನ್ನಿಗೆ, ಯಾವ ಭೂಪಟದಲ್ಲಿಯೂ ಇಲ್ಲದ ಒಂದು ರಾಜ್ಯವೇ ಬಂದು ನೆಲಸಿತು.

ಆ ರಾಜ್ಯದ ಹೆಸರು ವೆಸ್ಟೆರೋಸ್. ಅದನ್ನು ಸೃಷ್ಟಿಸಿದವರು ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್. 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಎಂಬ ಅವರ ಕಾದಂಬರಿಮಾಲೆಯ ಮೊದಲ ಸಂಪುಟ 1996ರಲ್ಲಿ ಹೊರಬಂದಿತು, ಐದನೆಯದು 2011ರಲ್ಲಿ. ಅದೇ 2011ರ ಏಪ್ರಿಲ್ 17ರಂದು ಅಮೆರಿಕದ ಎಚ್‌ಬಿಒ ಸಂಸ್ಥೆ ಆ ಕಥೆಯನ್ನು 'ಗೇಮ್ ಆಫ್ ಥ್ರೋನ್ಸ್' ಎಂಬ ಹೆಸರಿನ ಟೆಲಿವಿಷನ್ ಧಾರಾವಾಹಿಯಾಗಿ ತೋರಿಸಲಾರಂಭಿಸಿತು. ಎಂಟು ಋತುಗಳಾಗಿ, ಎಪ್ಪತ್ತಮೂರು ಕಂತುಗಳಾಗಿ ನಡೆದು, 2019ರ ಮೇ 19ರಂದು ಅದು ಮುಗಿಯಿತು. ಅಷ್ಟರಲ್ಲಿ ಐರ್ಲೆಂಡಿನ ಹಳ್ಳಿಯ ಹಾದಿಗಳಿಗೂ ಏಡ್ರಿಯಾಟಿಕ್ ತೀರದ ಕೋಟೆಗಳಿಗೂ ಎರಡೆರಡು ಹೆಸರುಗಳಾಗಿದ್ದವು: ಒಂದು ಹಿರಿಯರು ಇಟ್ಟದ್ದು, ಇನ್ನೊಂದು ಮಾರ್ಟಿನ್ನರು ಕಲ್ಪಿಸಿದ್ದು.

ಕಾದಂಬರಿಯನ್ನು ಓದಿದವರಿಗೂ ಧಾರಾವಾಹಿಯನ್ನು ನೋಡಿದವರಿಗೂ ನಡುವೆ ಹಳೆಯ ವಾದವೊಂದಿದೆ: ಎರಡರಲ್ಲಿ ಯಾವುದು ಮೇಲು? ಈ ವಾದವನ್ನು ಮನೆಯಲ್ಲಿ ಕುಳಿತು ತೀರಿಸುವುದಕ್ಕಿಂತ, ಆ ಕಥೆ ನಡೆಯಿತೆಂದು ತೋರಿಸಿದ ಸ್ಥಳಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಪುಸ್ತಕ ಏನನ್ನು ಕೊಟ್ಟಿತು, ಪರದೆ ಏನನ್ನು ಕೊಟ್ಟಿತು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲು ಆ ಸಿಂಹಾಸನವನ್ನೇ ನೋಡೋಣ. ಕಾದಂಬರಿಯ ಉಕ್ಕಿನ ಸಿಂಹಾಸನ ಒಂದು ಭೀಕರವಾದ ವಸ್ತು. ಸೋತ ಶತ್ರುಗಳ ಕತ್ತಿಗಳನ್ನು ಡ್ರ್ಯಾಗನ್ನಿನ ಬೆಂಕಿಯಲ್ಲಿ ಕರಗಿಸಿ ಕಟ್ಟಿದ್ದು. ಓರೆಕೋರೆಯಾಗಿ, ಮನೆಯ ಮಾಳಿಗೆಯಷ್ಟು ಎತ್ತರಕ್ಕೆ ಬೆಳೆದದ್ದು. ಏರಿ ಕುಳಿತ ಅರಸನ ಮೈಯನ್ನೇ ಕೊಯ್ಯುವಂಥದು. ಧಾರಾವಾಹಿಯ ಸಿಂಹಾಸನ ಅಂದವಾದ ಒಂದು ಕುರ್ಚಿ. ಅದು ತಾವು ಕಲ್ಪಿಸಿದ ಸಿಂಹಾಸನವಲ್ಲವೆಂದು ಮಾರ್ಟಿನ್ನರೇ ಬರೆದಿದ್ದಾರೆ. ಆದರೂ ಇಂದು ಜಗತ್ತಿನಲ್ಲಿ ಆ ಹೆಸರನ್ನು ಹೇಳಿದೊಡನೆ ಎಲ್ಲರ ಕಣ್ಣೆದುರು ನಿಲ್ಲುವುದು ಆ ಕುರ್ಚಿಯೇ. ಪರದೆಯ ಬಲ ಇಂಥದು. ಒಮ್ಮೆ ಕಂಡದ್ದನ್ನು ಕಾಣದಂತೆ ಮಾಡಿಕೊಳ್ಳುವುದು ಮನಸ್ಸಿಗೆ ಆಗದ ಕೆಲಸ.

ಇದರಲ್ಲಿ ಒಂದು ವಿನೋದವಿದೆ. ಮಾರ್ಟಿನ್ನರು ಈ ಕಾದಂಬರಿಗಳಿಗೆ ಮೊದಲು ಹಲವು ವರ್ಷ ಟೆಲಿವಿಷನ್ನಿಗಾಗಿಯೇ ಬರೆಯುತ್ತಿದ್ದವರು. ಅಲ್ಲಿ ಬರೆದದ್ದೆಲ್ಲ ದುಬಾರಿಯಾಯಿತು, ದೀರ್ಘವಾಯಿತು ಎಂಬ ಮಾತನ್ನು ಕೇಳಿ ಕೇಳಿ ಬೇಸತ್ತು, ಯಾರೂ ಚಿತ್ರಿಸಲಾಗದಷ್ಟು ದೊಡ್ಡದನ್ನು ಬರೆಯಹೊರಟವರು. ಇಂಗ್ಲೆಂಡಿನ ಉತ್ತರದಲ್ಲಿ, ರೋಮನರು ಕ್ರಿ. ಶ. 122ರಲ್ಲಿ ಕಟ್ಟಲಾರಂಭಿಸಿದ ಹೇಡ್ರಿಯನ್ನನ ಗೋಡೆಯ ಮೇಲೆ 1981ರಲ್ಲಿ ಅವರು ನಿಂತಿದ್ದರು. ಗೋಡೆಯಾಚೆಯ ಕತ್ತಲೆಯನ್ನು ದಿಟ್ಟಿಸುತ್ತಿದ್ದ ರೋಮನ್ ಕಾವಲುಗಾರನಿಗೆ ಏನನ್ನಿಸಿರಬಹುದೆಂಬ ಯೋಚನೆ ಅಲ್ಲಿ ಹುಟ್ಟಿತು. ಎಪ್ಪತ್ತಮೂರು ಮೈಲಿಯ ಆ ಕಲ್ಲಿನ ಗೋಡೆ ಕಾದಂಬರಿಯಲ್ಲಿ ಮುನ್ನೂರು ಮೈಲಿ ಉದ್ದದ, ಏಳುನೂರು ಅಡಿ ಎತ್ತರದ ಹಿಮದ ಗೋಡೆಯಾಯಿತು. ಚಿತ್ರಿಸಲಾಗದೆಂದು ಬರೆದದ್ದನ್ನು ಕೊನೆಗೆ ಚಿತ್ರಿಸಿಯೇ ಬಿಟ್ಟರು: ಬೆಲ್ಫಾಸ್ಟಿನ ಉತ್ತರಕ್ಕೆ, ಲಾರ್ನ್ ಪಟ್ಟಣದ ಬಳಿ, ಮ್ಯಾಹೆರಮೋರ್ನ್ ಎಂಬಲ್ಲಿಯ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ. ಗಣಿಯ ಕಡಿದಾದ ಬಂಡೆ ಗೋಡೆಯ ಬುಡವಾಯಿತು. ಮಿಕ್ಕ ಎತ್ತರವನ್ನು ಯಂತ್ರಗಣಕ ತುಂಬಿಕೊಟ್ಟಿತು.

ಬೆಲ್ಫಾಸ್ಟಿನಿಂದ ದಕ್ಷಿಣಕ್ಕೆ ಹೋದರೆ, ಸ್ಟ್ರ್ಯಾಂಗ್‌ಫರ್ಡ್ ಎಂಬ ಕಡಲಿನ ಹಿನ್ನೀರಿನ ದಡದಲ್ಲಿ, ಕ್ಯಾಸಲ್ ವಾರ್ಡ್ ಎಂಬ ಜಹಗೀರು ಸಿಗುತ್ತದೆ. ಅಲ್ಲಿಯ ಹದಿನೆಂಟನೆಯ ಶತಮಾನದ ಬಂಗಲೆಗೆ ಎರಡು ಮುಖ. ಮನೆಯ ಯಜಮಾನ ಬರ್ನಾರ್ಡ್ ವಾರ್ಡರಿಗೆ ಗ್ರೀಕ್ ರೋಮನ್ ರೀತಿ ಇಷ್ಟ. ಅವರ ಪತ್ನಿ ಲೇಡಿ ಆ್ಯನ್ ಅವರಿಗೆ ಗಾಥಿಕ್ ರೀತಿ ಇಷ್ಟ. ಇಬ್ಬರೂ ಬಿಟ್ಟುಕೊಡಲಿಲ್ಲ. ಮುಂಭಾಗ ಪತಿಯ ಇಚ್ಛೆಯಂತೆ, ನೀರಿನ ಕಡೆಯ ಹಿಂಭಾಗ ಪತ್ನಿಯ ಇಚ್ಛೆಯಂತೆ ನಿರ್ಮಾಣವಾಯಿತು! ಸಂಸಾರಿಗಳಾದ ವಾಚಕರು ಈ ಮನೆಯೊಂದನ್ನೇ ನೋಡಲು ಹೋದರೂ ಶ್ರಮ ಸಾರ್ಥಕ. ಆದರೆ ಬರುವವರಲ್ಲಿ ಅನೇಕರು ಬಂಗಲೆಯನ್ನು ಬಿಟ್ಟು ಹಿಂದಿನ ಹಳೆಯ ಕೊಟ್ಟಿಗೆಯಂಗಳಕ್ಕೆ ನೇರವಾಗಿ ನಡೆಯುತ್ತಾರೆ. ಧಾರಾವಾಹಿಯ ಮೊದಲ ಋತುವಿನಲ್ಲಿ ಸ್ಟಾರ್ಕ್ ಮನೆತನದ ವಿಂಟರ್‌ಫೆಲ್ ಕೋಟೆಯ ಅಂಗಳವಾದದ್ದು ಅದು.

ಕಾದಂಬರಿಯ ವಿಂಟರ್‌ಫೆಲ್ ಬೇರೆ. ಬಿಸಿನೀರಿನ ಬುಗ್ಗೆಗಳ ಮೇಲೆ ಕಟ್ಟಿದ ಆ ಕೋಟೆಯ ಗೋಡೆಗಳೊಳಗೆ ಬಿಸಿನೀರು ಹರಿಯುತ್ತದೆ. ಹೊರಗೆ ಹಿಮ ಬೀಳುತ್ತಿದ್ದರೂ ಕೋಣೆಗಳು ಬೆಚ್ಚಗಿರುತ್ತವೆ. ಬ್ರ್ಯಾನ್ ಎಂಬ ಏಳು ವರ್ಷದ ಬಾಲಕ ಮಾಡಿನಿಂದ ಮಾಡಿಗೆ ಹತ್ತಿ ಹಾರುತ್ತ, ಇಡೀ ಕೋಟೆಯನ್ನು ಮೇಲಿನಿಂದ ಕಂಡವನು. ಯಾವ ಗೋಪುರದಿಂದ ಯಾವ ಗೋಡೆಗೆ ದಾರಿಯಿದೆಯೆಂಬುದು ಅವನೊಬ್ಬನಿಗೇ ಗೊತ್ತು. ಅವನೊಡನೆ ಹತ್ತಿದ ಓದುಗನಿಗೆ ಆ ಕೋಟೆ ಸ್ವಂತ ಮನೆಯಾಗಿಬಿಡುತ್ತದೆ. ಆದುದರಿಂದಲೇ ಮುಂದೆ ಒದಗುವ ಅವನ ಪತನ ಅಷ್ಟು ನೋಯಿಸುತ್ತದೆ. ಧಾರಾವಾಹಿಯಲ್ಲಿ ಬ್ರ್ಯಾನ್ ಗೋಪುರವನ್ನು ಹತ್ತುತ್ತಾನೆ, ಬೀಳುತ್ತಾನೆ, ನಾವು ಬೆಚ್ಚುತ್ತೇವೆ. ಆದರೆ ಅವನ ಕಾಲಿನ ಜೊತೆಗೆ ಅವನು ಏನೇನನ್ನು ಕಳೆದುಕೊಂಡನೆಂಬುದು ನಮಗೆ ಅಷ್ಟಾಗಿ ತಿಳಿಯುವುದಿಲ್ಲ.

ಮಾರ್ಟಿನ್ನರ ವಿಧಾನವೇ ಇದು. ಅವರ ಪ್ರತಿಯೊಂದು ಅಧ್ಯಾಯವೂ ಒಬ್ಬ ವ್ಯಕ್ತಿಯ ಮನಸ್ಸಿನೊಳಗಿನಿಂದ ನಡೆಯುತ್ತದೆ. ಅಧ್ಯಾಯದ ಹೆಸರೂ ಸಾಮಾನ್ಯವಾಗಿ ಆ ವ್ಯಕ್ತಿಯದೇ. ಆದ್ದರಿಂದ ಅವರ ಲೋಕದಲ್ಲಿ ಯಾರದೂ ಅಲ್ಲದ ಸ್ಥಳವೇ ಇಲ್ಲ. ಉತ್ತರ ತೀರದ ಬ್ಯಾಲಿಂಟಾಯ್ ಬಂದರಿಗೆ ಹೋದಾಗ ಈ ಮಾತು ನೆನಪಾಗುತ್ತದೆ. ಕರಿಯ ಬಂಡೆಗಳ ನಡುವೆ ಅಡಗಿರುವ, ಹಿಂದೆ ಸುಣ್ಣಕಲ್ಲನ್ನು ಸಾಗಿಸುತ್ತಿದ್ದ ಈ ಪುಟ್ಟ ಬಂದರು ಧಾರಾವಾಹಿಯಲ್ಲಿ ಪೈಕ್ ದ್ವೀಪದ ರೇವು. ಬಾಲ್ಯದಲ್ಲಿಯೇ ಒತ್ತೆಯಾಳಾಗಿ ಹೋಗಿದ್ದ ಥಿಯಾನ್ ಗ್ರೇಜಾಯ್ ಬೆಳೆದು ತರುಣನಾಗಿ ಮರಳಿ ಇಳಿಯುವುದು ಇಲ್ಲಿಯೇ. ಕಾದಂಬರಿಯಲ್ಲಿ ಅವನು ಹಡಗಿನ ಮೇಲೆ ನಿಂತು, ಕಡಲು ಕೊರೆದು ತುಂಡುತುಂಡು ಮಾಡಿದ ಬಂಡೆಗಳ ಮೇಲೆ ತೂಗುಸೇತುವೆಗಳಿಂದ ಕೂಡಿಕೊಂಡಿರುವ ತನ್ನ ತಂದೆಯ ಕೋಟೆಯನ್ನು ಹೆಮ್ಮೆಯಿಂದ ನೋಡುತ್ತಾನೆ. ಸ್ವಾಗತಕ್ಕೆ ಊರೇ ಬರುವುದೆಂದು ಎಣಿಸುತ್ತಾನೆ. ಎಣಿಸಿದಂತೆ ಊರು ಬರುವುದಿಲ್ಲ. ಒಡಹುಟ್ಟಿದ ಅಕ್ಕನೇ ಎದುರಿಗೆ ಬಂದಾಗ ಅವನಿಗೆ ಗುರುತು ಸಿಗುವುದಿಲ್ಲ. (ಆ ಅಕ್ಕನ ಹೆಸರು ಪುಸ್ತಕದಲ್ಲಿ ಆಶಾ, ಓಶಾ ಎಂಬ ಬೇರೊಂದು ಪಾತ್ರದೊಡನೆ ಗೊಂದಲವಾಗದಿರಲೆಂದು ಧಾರಾವಾಹಿಯವರು ಅದನ್ನು ಯಾರಾ ಎಂದು ಬದಲಿಸಿದರು.) ಇಲ್ಲಿ ಪರದೆ ಪುಸ್ತಕಕ್ಕೆ ಸೋಲಲಿಲ್ಲ. ಆ ಬೂದುಬಣ್ಣದ ನೀರು, ಯಾರ ಬರವನ್ನೂ ಲೆಕ್ಕಿಸದ ಆ ಬಂಡೆಗಳು, ಹಲವು ಪುಟಗಳ ಅವಮಾನವನ್ನು ಒಂದೇ ನೋಟದಲ್ಲಿ ಹೇಳಿಬಿಡುತ್ತವೆ.

ಧಾರಾವಾಹಿಯ ಇನ್ನೊಂದು ಲಾಭವನ್ನೂ ಒಪ್ಪಿಕೊಳ್ಳಬೇಕು. ಯಾರ ಮನಸ್ಸಿನೊಳಕ್ಕೆ ಲೇಖಕರು ಹೋಗಲಿಲ್ಲವೋ ಅವರ ಏಕಾಂತ ಕಾದಂಬರಿಯಲ್ಲಿ ನಮಗೆ ಸಿಗುವುದಿಲ್ಲ. ರಾಜ ರಾಬರ್ಟನೂ ರಾಣಿ ಸರ್ಸೆಯೂ ತಮ್ಮ ಮುರಿದ ದಾಂಪತ್ಯದ ಬಗೆಗೆ ಒಂದು ಸಂಜೆ ಶಾಂತವಾಗಿ ಮಾತನಾಡುವ ದೃಶ್ಯ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಪುಸ್ತಕದ ಆರ್ಯಾ ಎಂಬ ಬಾಲಕಿ ಹ್ಯಾರೆನ್‌ಹಾಲ್ ಕೋಟೆಯಲ್ಲಿ ರೂಸ್ ಬೋಲ್ಟನ್ನನಿಗೆ ಪಾನಪಾತ್ರೆ ಹಿಡಿಯುತ್ತಾಳೆ. ಧಾರಾವಾಹಿ ಅವಳನ್ನು ಅವಳ ಕುಲದ ಶತ್ರುವಾದ ಟೈವಿನ್ ಲ್ಯಾನಿಸ್ಟರನ ಎದುರಿಗೇ ನಿಲ್ಲಿಸಿತು. ಆ ಮುದುಕನಿಗೂ ಈ ಹುಡುಗಿಗೂ ನಡೆಯುವ ಮಾತುಕತೆಯನ್ನು ಕಂಡ ಓದುಗರೂ ಮೆಚ್ಚಿದರು.

ವೆಸ್ಟೆರೋಸ್ ಉತ್ತರದಲ್ಲಿ ಹಿಮ, ದಕ್ಷಿಣದಲ್ಲಿ ಬಿಸಿಲು ಇರುವ ನಾಡು. ಬಿಸಿಲಿಗಾಗಿ ಚಿತ್ರತಂಡ ಐರ್ಲೆಂಡನ್ನು ಬಿಟ್ಟು ಮೊದಲು ಮಾಲ್ಟಾಕ್ಕೆ, ಎರಡನೆಯ ಋತುವಿನಿಂದ ಕ್ರೊಯೇಷಿಯಾದ ಡುಬ್ರೋವ್ನಿಕ್ ನಗರಕ್ಕೆ ಹೋಯಿತು. ಸುಮಾರು ಎರಡು ಕಿಲೋಮೀಟರ್ ಉದ್ದದ ಪ್ರಾಕಾರದೊಳಗೆ ಕೆಂಪು ಹೆಂಚಿನ ಮನೆಗಳಿರುವ ಈ ಕಡಲತಡಿಯ ಊರು ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್ ಆಯಿತು. ಪುಸ್ತಕದ ಕಿಂಗ್ಸ್ ಲ್ಯಾಂಡಿಂಗ್ ಮೂರು ಬೆಟ್ಟಗಳ ಮೇಲೆ ಹರಡಿದ, ಐದು ಲಕ್ಷ ಜನರ, ದೂರದಿಂದಲೇ ನಾರುವ ಮಹಾನಗರ. ಡುಬ್ರೋವ್ನಿಕ್ಕಿನ ಕಲ್ಲು ಹಾಸಿದ ಬೀದಿಗಳು ಕನ್ನಡಿಯಂತೆ ಹೊಳೆಯುತ್ತವೆ. ಪರದೆಗೆ ವಾಸನೆ ಇಲ್ಲ, ಹೊಳಪು ಉಂಟು.

ಐದನೆಯ ಪುಸ್ತಕದಲ್ಲಿ ರಾಣಿ ಸರ್ಸೆ ಮಾಡಿದ ಪಾಪಕ್ಕಾಗಿ ತಲೆ ಬೋಳಿಸಿಕೊಂಡು, ಬರಿಮೈಯಲ್ಲಿ, ಬರಿಗಾಲಿನಲ್ಲಿ, ಗುಡಿಯಿಂದ ಅರಮನೆಯವರೆಗೆ ಜನರ ಬೈಗುಳದ ನಡುವೆ ನಡೆಯಬೇಕಾಗುತ್ತದೆ. ಪುಸ್ತಕದಲ್ಲಿ ನಾವು ಅವಳ ಮನಸ್ಸಿನೊಳಗಿದ್ದೇವೆ: ಬಿಗುಮಾನದಿಂದ ಹೊರಟವಳಿಗೆ, ನಡೆಯುತ್ತ ನಡೆಯುತ್ತ, ಗುಂಪಿನಲ್ಲಿ ಸತ್ತವರ ಮುಖಗಳು ಕಾಣತೊಡಗುತ್ತವೆ. ಧಾರಾವಾಹಿಯಲ್ಲಿ ನಾವು ಗುಂಪಿನ ಕಡೆ ನಿಂತು ಅವಳನ್ನು ನೋಡುತ್ತೇವೆ. ಒಂದೇ ಘಟನೆ, ಆದರೆ ಓದುವಾಗ ಅವಳೊಡನೆ ನಡೆದವರು, ನೋಡುವಾಗ ಅವಳನ್ನು ನೋಡಿದವರಾಗುತ್ತೇವೆ. ಆ ನಡಿಗೆ ಚಿತ್ರಿತವಾದ ಜೆಸ್ಯುಯಿಟ್ ಮೆಟ್ಟಿಲುಗಳು ಹದಿನೆಂಟನೆಯ ಶತಮಾನದವು. ಈಗ ಅಲ್ಲಿ ಪ್ರವಾಸಿಗರು ಸಾಲಾಗಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಇದೇ ಊರಿನ ಮೇಲೆ 1991ರಲ್ಲಿ ನಿಜವಾದ ಮುತ್ತಿಗೆ ನಡೆದು, ಇವೇ ಹೆಂಚಿನ ಮಾಡುಗಳ ಮೇಲೆ ನಿಜವಾದ ಗುಂಡುಗಳು ಬಿದ್ದವೆಂಬುದು ಅವರಲ್ಲಿ ಎಷ್ಟು ಜನರಿಗೆ ನೆನಪಾಗುತ್ತದೆಯೋ! ಹಡಗುಗಳಲ್ಲಿ ಬಂದಿಳಿಯುವ ಜನರ ನೂಕುನುಗ್ಗಲು ಎಷ್ಟಾಯಿತೆಂದರೆ, ಒಂದೇ ವೇಳೆಯಲ್ಲಿ ಎಂಟು ಸಾವಿರಕ್ಕಿಂತ ಹೆಚ್ಚು ಮಂದಿ ಹಳೆಯ ಊರಿನೊಳಗೆ ಇರಕೂಡದೆಂದು ಯುನೆಸ್ಕೊ ಸೂಚಿಸಬೇಕಾಯಿತು.

ಹೆಸರು ಬಂದ ಸ್ಥಳಕ್ಕೆ ಅದರ ಬೆಲೆಯೂ ಬರುತ್ತದೆ. ಐರ್ಲೆಂಡಿನ ಆಂಟ್ರಿಮ್ ಪ್ರಾಂತದಲ್ಲಿ 'ಡಾರ್ಕ್ ಹೆಜಸ್' ಎಂಬ ಸಾಲುಮರಗಳ ಹಾದಿಯಿದೆ. ಸ್ಟುವರ್ಟ್ ಮನೆತನದವರು ತಮ್ಮ ಮನೆಗೆ ಬರುವ ಅತಿಥಿಗಳು ಬೆರಗಾಗಲೆಂದು 1775ರ ಸುಮಾರಿಗೆ ಬೀಚ್ ಮರಗಳನ್ನು ನೆಡಿಸಿದರು. ಎರಡು ಪಕ್ಕದ ಕೊಂಬೆಗಳೂ ಬೆಳೆದು ಮೇಲೆ ಹೆಣೆದುಕೊಂಡು ಚಪ್ಪರವಾದವು. 2012ರಲ್ಲಿ ಎರಡನೆಯ ಋತುವಿನ ಮೊದಲ ಕಂತಿನಲ್ಲಿ, ಹುಡುಗನ ವೇಷದ ಆರ್ಯಾ ರಾಜಧಾನಿಯಿಂದ ತಪ್ಪಿಸಿಕೊಂಡು ಹೋಗುವ 'ರಾಜಮಾರ್ಗ'ವಾಗಿ ಈ ಹಾದಿ ಕ್ಷಣಕಾಲ ಪರದೆಯ ಮೇಲೆ ಹಾದುಹೋಯಿತು. ಅಷ್ಟು ಸಾಕಾಯಿತು. ಕಾರುಗಳೂ ಬಸ್ಸುಗಳೂ ಬಂದು ಮುದಿಮರಗಳ ಬೇರುಗಳನ್ನು ತುಳಿದವು. 2017ರಲ್ಲಿ ವಾಹನಗಳನ್ನು ನಿರ್ಬಂಧಿಸಬೇಕಾಯಿತು. 2016ರ ಜನವರಿಯ ಬಿರುಗಾಳಿಗೆ ಬಿದ್ದ ಎರಡು ಮರಗಳ ಹಲಗೆಯಿಂದ ಹತ್ತು ಬಾಗಿಲುಗಳನ್ನು ಮಾಡಿಸಿ, ಕಥೆಯ ಚಿತ್ರಗಳನ್ನು ಕೆತ್ತಿಸಿ, ಆ ಸೀಮೆಯ ಪಾನಗೃಹಗಳಲ್ಲಿ ಇಟ್ಟರು. 2023ರಲ್ಲಿ ಅಪಾಯವೆಂದು ಮತ್ತೆ ಆರು ಮರಗಳನ್ನು ಕಡಿದರು. ಎಲ್ಲಕ್ಕೂ ಪ್ರವಾಸಿಗರೇ ಕಾರಣರೆನ್ನುವಂತಿಲ್ಲ. ಬೀಚ್ ಮರಕ್ಕೆ ಇನ್ನೂರೈವತ್ತು ವರ್ಷ ತುಂಬು ಮುಪ್ಪು. ಮಾಲ್ಟಾದ ಗೋಜೋ ದ್ವೀಪದಲ್ಲಿ, ಡೆನೇರಿಸಳ ಮದುವೆಯ ಹಿನ್ನೆಲೆಯಾಗಿದ್ದ 'ಅಜ಼ೂರ್ ವಿಂಡೋ' ಎಂಬ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಅಲೆಗಳ ಹೊಡೆತಕ್ಕೆ ತಾನೇ ಕುಸಿದು ಕಡಲಿನ ಪಾಲಾಯಿತು. ಪುಸ್ತಕದಲ್ಲಿ ಆ ಮದುವೆ ನಡೆದದ್ದು ಪೆಂಟಾಸ್ ನಗರದ ಗೋಡೆಯಾಚೆಯ ಬಯಲಿನಲ್ಲಿ. ಅಲ್ಲಿ ಕುಸಿಯುವುದಕ್ಕೆ ಏನೂ ಇರಲಿಲ್ಲ.

ಆರನೆಯ ಋತುವಿನ ಹೊತ್ತಿಗೆ ಧಾರಾವಾಹಿ ಪುಸ್ತಕಗಳನ್ನು ಹಿಂದೆ ಹಾಕಿತ್ತು. ಲೇಖಕರು ಬರೆದು ಮುಗಿಸದ ದಾರಿಯಲ್ಲಿ ಚಿತ್ರತಂಡ ತಾನೇ ಮುಂದೆ ನಡೆಯಬೇಕಾಯಿತು. ಕಾಲ ಕಡಮೆಯಾಗಿ, ಕಥೆ ಓಡಿತು. ಕಾದಂಬರಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣಗಳು ಒಂದು ಕಂತಿನೊಳಗೆ ಮುಗಿದುಹೋದವು. ಅದರೊಡನೆ ಆ ನಾಡಿನ ವಿಸ್ತಾರವೇ ಕುಗ್ಗಿದಂತಾಯಿತು. ಪುಸ್ತಕದ ಕೆಲವು ಪಾತ್ರಗಳು, ಸತ್ತು ಎದ್ದು ಸೇಡಿಗಾಗಿ ಅಲೆಯುವ ಲೇಡಿ ಸ್ಟೋನ್‌ಹಾರ್ಟ್ ಮೊದಲಾದವರು, ಪರದೆಗೆ ಬರಲೇ ಇಲ್ಲ. 2019ರಲ್ಲಿ ಬಂದ ಮುಕ್ತಾಯ ಬಹಳ ಜನರಿಗೆ ಒಪ್ಪಿಗೆಯಾಗಲಿಲ್ಲ. ಆಗಲೂ ಆರನೆಯ ಪುಸ್ತಕ ಅಂಗಡಿಗೆ ಬಂದಿರಲಿಲ್ಲ. ಓದುಗನ ಪಾಡು ವಿಚಿತ್ರವಾದದ್ದು: ತಾನು ಕಾಯುತ್ತಿದ್ದ ಕಥೆಯ ಕೊನೆಯನ್ನು ಅವನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು.

ಅತ್ತ ಕಡೆ ಪ್ರವಾಸ ಹೋಗುವ ಅವಕಾಶವುಳ್ಳವರಿಗೆ ಎರಡು ಮಾತು. ಧಾರಾವಾಹಿಯಲ್ಲಿ ಕ್ರೌರ್ಯವೂ ನಗ್ನತೆಯೂ ಧಾರಾಳವಾಗಿವೆ. ಪುಸ್ತಕವೂ ಈ ವಿಷಯದಲ್ಲಿ ಹಿಂದಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದಲ್ಲ. ಎರಡನೆಯದಾಗಿ, ಮೊದಲ ಸಂಪುಟವನ್ನಾದರೂ ಓದಿಕೊಂಡು ಹೊರಡಿ. ಡಾರ್ಕ್ ಹೆಜಸಿಗೆ ಬೆಳಗಿನ ಜಾವದಲ್ಲಿ, ಜನ ಬರುವ ಮುನ್ನ, ಕಾಲ್ನಡಿಗೆಯಲ್ಲಿ ಹೋಗಿ. ಆರ್ಯಾ ಎಂಬ ಹುಡುಗಿಗೆ ಪುಸ್ತಕದಲ್ಲಿ ಕಥೆ ಆರಂಭವಾಗುವಾಗ ಒಂಬತ್ತೇ ವರ್ಷ. ತಂದೆಯ ವಧೆಯನ್ನು ಕೇಳಿಸಿಕೊಂಡು, ಕತ್ತರಿಸಿದ ಕೂದಲಿನಲ್ಲಿ, ಪರರ ನಡುವೆ ಊರು ಬಿಟ್ಟವಳು. ಆ ಮರಗಳ ಕೆಳಗೆ ನಿಂತಾಗ ನಿಮ್ಮ ನೆನಪಿಗೆ ಬರುವುದು ಅವಳೇ ಆದರೆ, ಅಷ್ಟು ದೂರ ಹೋದದ್ದು ಸಾರ್ಥಕವೆಂದು ತಿಳಿಯಬಹುದು.