ಮಗು ಹೇಳದ ಮಾತನ್ನು ಮನೆಗೆ ತಲುಪಿಸುವುದು

ನಮ್ಮ ಹೆಚ್ಚಿನ ಮನೆಗಳಲ್ಲಿ ಪ್ರತಿ ಸಂಜೆಯೂ ನಡೆಯುವ ಒಂದು ಸಂಭಾಷಣೆಯಿದೆ. ಮಗು ಶಾಲೆಯಿಂದ ಬಂದು ಚೀಲವನ್ನು ಮೂಲೆಯಲ್ಲಿಡುತ್ತದೆ. "ಆಜ್ ಕ್ಯಾ ಪಡೇ?" ಎಂದು ತಾಯಿ ಕೇಳುತ್ತಾಳೆ. "ಕುಚ್ ನೈ" ಎಂದು ಹೇಳಿ ಮಗು ಆಟಕ್ಕೆ ಓಡುತ್ತದೆ. ಆರು ತಾಸುಗಳ ಕಾಲ ತರಗತಿಯಲ್ಲಿ ಕುಳಿತು, ಹಾಡಿ, ಬರೆದು, ಜಗಳವಾಡಿ, ಮತ್ತೆ ಒಂದಾಗಿ, ಬಿಸಿಯೂಟ ಉಂಡು ಬಂದ ಮಗುವಿನ ಇಡೀ ದಿನವು ಆ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ. ಅಷ್ಟು ದೊಡ್ಡ ಪ್ರಶ್ನೆಗೆ ಎಲ್ಲಿಂದ ಉತ್ತರ ಆರಂಭಿಸಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ.

ಮದ್ರಸಾದಲ್ಲಿ ಕಲಿತು, ಬಳಿಕ ಕನ್ನಡದಲ್ಲಿ ಪದವಿ ಪಡೆದು, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಕ್ಷರ ಕಲಿಸುತ್ತ ಬಂದಿರುವ ನಾವು, ತರಗತಿಯ ಬಾಗಿಲು ಮುಚ್ಚಿದರೆ ನಮ್ಮ ಕೆಲಸ ಮುಗಿಯಿತೆಂದು ಬಹುಕಾಲ ಭಾವಿಸಿದ್ದೆವು. ಅದು ತಪ್ಪೆಂದು ನಮಗೆ ಕಲಿಸಿದವನು ಒಂಬತ್ತು ವರ್ಷದ ಒಬ್ಬ ಬಾಲಕ. ಆ ಪ್ರಸಂಗವನ್ನು ಹೇಳುವ ಮೊದಲು ನಮ್ಮ ಈ ಭಾಗದ ಮನೆಗಳ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು.

ಶಹಾಬಾದಿನಲ್ಲಿ ತಂದೆಯಂದಿರು ಹಾಸುಗಲ್ಲಿನ ಗಣಿಗಳಲ್ಲಿಯೂ, ಕಲ್ಲು ಕೊಯ್ದು ಪಾಲಿಶ್ ಮಾಡುವ ಘಟಕಗಳಲ್ಲಿಯೂ ದುಡಿಯುತ್ತಾರೆ. ವಾಡಿ ಮತ್ತು ಸೇಡಂ ಕಡೆ ಸಿಮೆಂಟು ಕಾರ್ಖಾನೆಗಳ ಪಾಳಿಗಳಿವೆ. ರಾತ್ರಿ ಪಾಳಿಯ ತಂದೆ ಮನೆಗೆ ಬರುವ ಹೊತ್ತಿಗೆ ಮಗು ಶಾಲೆಗೆ ಹೊರಟಿರುತ್ತದೆ. ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ತೊಗರಿಯ ಕಟಾವಿನ ದಿನಗಳಲ್ಲಿ ತಾಯಂದಿರು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಹೋಗುವವರೂ ಉಂಟು. ಆಗ ಮಕ್ಕಳು ದಾದಿ, ನಾನಿಯರ ಬಳಿ ಉಳಿಯುತ್ತಾರೆ. ಪಾಲಕರ ಸಭೆಗೆ ಹತ್ತು ಜನರೂ ಬರಲಿಲ್ಲವೆಂದು ದೂರುವ ಶಿಕ್ಷಕರು ಇದನ್ನು ಮರೆಯಬಾರದು. ಸಭೆಗೆ ಬರುವುದೆಂದರೆ ಇವರಿಗೆ ಒಂದು ದಿನದ ಕೂಲಿಯನ್ನು ಬಿಟ್ಟು ಬರುವುದು.

ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. 1948ರವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆ, ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಹೀಗಾಗಿ ಇಂದಿಗೂ ಒಂದೇ ಮನೆಯಲ್ಲಿ ಉರ್ದು ಮಾತ್ರ ಓದಬಲ್ಲ ಅಜ್ಜಿ, ಮಕ್ತಬಿನಲ್ಲಿ ಉರ್ದು ಕಲಿತು ಕನ್ನಡವನ್ನು ಮಾತಿನಲ್ಲಷ್ಟೇ ಬಲ್ಲ ತಾಯಿ ಮತ್ತು ಕನ್ನಡ ಶಾಲೆಗೆ ಹೋಗುವ ಮಗು ಇರುವುದನ್ನು ಕಾಣುತ್ತೇವೆ. ಒಲೆಯ ಮುಂದಿನ ಮಾತು ಮಾತ್ರ ಎಲ್ಲರದೂ ದಖ್ಖನಿ.

ಕೆಲವು ವರ್ಷಗಳ ಹಿಂದೆ ನಾಲ್ಕನೆಯ ತರಗತಿಯಲ್ಲಿ ಆ ಬಾಲಕ ನಮ್ಮ ವಿದ್ಯಾರ್ಥಿಯಾಗಿದ್ದ. ಕಪ್ಪುಹಲಗೆಯ ಮೇಲೆ ಬರೆದುದನ್ನು ಅವನು ಎಂದೂ ಸರಿಯಾಗಿ ನಕಲು ಮಾಡುತ್ತಿರಲಿಲ್ಲ. ಅರ್ಧ ಸಾಲು ಬಿಡುತ್ತಿದ್ದ, ಒತ್ತಕ್ಷರಗಳನ್ನು ತಪ್ಪಿಸುತ್ತಿದ್ದ, ಪಕ್ಕದವನ ಪುಸ್ತಕ ನೋಡುತ್ತಿದ್ದ. ಆದರೆ ಮಕ್ತಬಿನ ಹಾಫಿಜ್ ಸಾಹೇಬರು, ಕೇಳಿದ ಸೂರಾವನ್ನು ಎರಡೇ ದಿನದಲ್ಲಿ ಕಂಠಪಾಠ ಮಾಡುತ್ತಾನೆಂದು ಅವನನ್ನು ಹೊಗಳುತ್ತಿದ್ದರು. ಇಷ್ಟು ಬುದ್ಧಿಯುಳ್ಳವನು ಶಾಲೆಯಲ್ಲಿ ಬರೆಯದಿದ್ದರೆ ಅದು ಸೋಮಾರಿತನವಲ್ಲದೆ ಮತ್ತೇನು ಎಂದು ನಾವು ತೀರ್ಮಾನಿಸಿದೆವು. ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದೆವು.

ಅವನ ಪುಸ್ತಕದಲ್ಲಿ ಪಾಲಕರಿಗೆಂದು ಬರೆದೆವು: "ನಿಮ್ಮ ಮಗನು ಬರವಣಿಗೆಯಲ್ಲಿ ತೀವ್ರ ನಿರ್ಲಕ್ಷ್ಯ ತೋರುತ್ತಿದ್ದಾನೆ. ದಯವಿಟ್ಟು ಗಮನ ಹರಿಸಬೇಕಾಗಿ ವಿನಂತಿ." ಮರುದಿನ ತಾಯಿಯ ಸಹಿ ಬಂತು, ಉರ್ದು ಅಕ್ಷರಗಳಲ್ಲಿ. ಹದಿನೈದು ದಿನಗಳ ಬಳಿಕ ಇನ್ನೂ ಕಟುವಾಗಿ ಬರೆದೆವು. ಮತ್ತೆ ಉರ್ದುವಿನಲ್ಲಿ ಸಹಿ. ಈ ತಾಯಿಗೆ ಮಗನ ಚಿಂತೆಯೇ ಇಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡೆವು. ಕೊನೆಗೆ ತಂದೆಗೆ ಫೋನು ಮಾಡಿದೆವು. ಅತ್ತ ಕಲ್ಲು ಕೊಯ್ಯುವ ಯಂತ್ರದ ಸದ್ದು. "ನಿಮ್ಮ ಮಗ ಓದುತ್ತಿಲ್ಲ" ಎಂದಷ್ಟೇ ಗಟ್ಟಿಯಾಗಿ ಹೇಳಿ ಇಟ್ಟೆವು.

ಅನಂತರ ಎರಡು ದಿನ ಆ ಬಾಲಕ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಅವನ ಕೆನ್ನೆಯ ಮೇಲೆ ಗುರುತಿತ್ತು. ಅಂದು ಮಗ್ರಿಬ್ ನಮಾಝಿನ ನಂತರ ನಾವು ಅವರ ಮನೆಗೆ ಹೋದೆವು.

ಪರದೆಯ ಆಚೆಯಿಂದ ತಾಯಿ ಮಾತನಾಡಿದರು. "ಮಾಸ್ಟರ್ ಸಾಬ್, ನನಗೆ ಕನ್ನಡ ಓದಲು ಬರುವುದಿಲ್ಲ. ನೀವು ಬರೆದದ್ದು ಏನೆಂದು ಅವನನ್ನೇ ಕೇಳಿದೆ. ಸಹಿ ಮಾಡಬೇಕಂತೆ ಎಂದ, ಮಾಡಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಅವನು ಖಾಯಿದಾ ಓದುವಾಗ ಪುಸ್ತಕವನ್ನು ಮೂಗಿಗೆ ತಾಗಿಸಿಕೊಳ್ಳುತ್ತಾನೆ. ಚಿಕ್ಕಂದಿನಿಂದಲೂ ಹಾಗೆಯೇ. ಅದು ಅವನ ಅಭ್ಯಾಸವೆಂದು ಸುಮ್ಮನಿದ್ದೆವು."

ಆ ಕ್ಷಣದಲ್ಲಿ ನಮಗೆ ಎಲ್ಲವೂ ತಿಳಿಯಿತು. ಬಾಲಕನಿಗೆ ಹಲಗೆ ಕಾಣುತ್ತಿರಲಿಲ್ಲ. ಕಿವಿಯಿಂದ ಕೇಳಿದ್ದನ್ನು ಅವನು ಕಲಿಯುತ್ತಿದ್ದ; ದೂರದಿಂದ ನೋಡಿ ಬರೆಯಬೇಕಾದುದನ್ನು ಕಲಿಯಲು ಅವನಿಂದ ಸಾಧ್ಯವೇ ಇರಲಿಲ್ಲ. ನಾವು ಅವನನ್ನು ಇನ್ನಷ್ಟು ಹಿಂದೆ ಕೂರಿಸಿದ್ದೆವು.

ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಶಾಲೆಗಳಿಗೆ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲುಗಳನ್ನು ಪರೀಕ್ಷಿಸುತ್ತದೆ. ಆ ವರ್ಷವೂ ಬಂದಿತ್ತು. ಅಂದು ಈ ಬಾಲಕ ಮದುವೆಯೊಂದಕ್ಕಾಗಿ ಚಿಂಚೋಳಿ ಕಡೆಯ ನಾನಿಯ ಊರಿಗೆ ಹೋಗಿದ್ದ. ತಂಡ ಬರುವ ದಿನವನ್ನು ನಾವು ಯಾವ ಮನೆಗೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಆ ತಾಯಿ ಅವನನ್ನು ಒಂದು ದಿನ ತಡವಾಗಿ ಕಳುಹಿಸುತ್ತಿದ್ದರು.

ಅದೇ ವಾರ ತಂದೆ ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಕನ್ನಡಕ ಬಂತು. ಅದನ್ನು ಧರಿಸಿ ಮೊದಲ ಸಲ ಹಲಗೆಯನ್ನು ನೋಡಿದ ಬಾಲಕ ಏನನ್ನೂ ಹೇಳಲಿಲ್ಲ, ಬರೆಯತೊಡಗಿದ. ನಾವು ಅವನಲ್ಲಿ ಕ್ಷಮೆ ಕೇಳಿದೆವು. ಅವನು ನಾಚಿ ತಲೆ ತಗ್ಗಿಸಿದ. ಆದರೆ ಅಷ್ಟರಲ್ಲಿ ಅವನ ಒಂದು ವರ್ಷ ಕಳೆದುಹೋಗಿತ್ತು.

ಆ ಮನೆಯಲ್ಲಿ ಕನ್ನಡ ಓದುವವರಿಲ್ಲವೆಂದು ಉರ್ದುವಿನ ಆ ಸಹಿಯೇ ನಮಗೆ ತಿಳಿಸುತ್ತಿತ್ತು. ಮದ್ರಸಾದಲ್ಲಿ ವರ್ಷಗಟ್ಟಲೆ ಉರ್ದು ಓದಿದ ನಮಗೆ ಅದೇ ಪುಟದಲ್ಲಿ ಎರಡು ಸಾಲು ಉರ್ದು ಬರೆಯಲು ಏನು ಅಡ್ಡಿಯಿತ್ತು? ನಾವು ತಿಳಿಸುವುದಕ್ಕಾಗಿ ಬರೆದಿರಲಿಲ್ಲ. ತಿಳಿಸಿದ್ದೇವೆಂಬ ದಾಖಲೆಗಾಗಿ ಬರೆದಿದ್ದೆವು. ಸೇಡಂ ತಾಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು, ಈ ನಾಡಿನ ಜನರು ಓದಿ ಕಲಿಯದಿದ್ದರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಮೆಚ್ಚುತ್ತದೆ. ಪದವಿ ತರಗತಿಯಲ್ಲಿ ಇದನ್ನು ಪರೀಕ್ಷೆಗಾಗಿ ಬರೆದಿದ್ದೆವು. ಅಕ್ಷರ ಬಾರದ ತಾಯಿಯೂ ತನ್ನ ಮಗುವಿನ ಬಗ್ಗೆ ಶಿಕ್ಷಕನಿಗಿಂತ ಹೆಚ್ಚು ಬಲ್ಲಳೆಂಬ ಅರ್ಥವು ಆ ಮನೆಯ ಹೊಸ್ತಿಲಲ್ಲಿ ಹೊಳೆಯಿತು.

ಪಾಲಕರಿಗೆ ತರಗತಿಯ ವಿಷಯ ತಿಳಿಸುವುದು ಶಿಕ್ಷಕನ ಔದಾರ್ಯವಲ್ಲ, ಕರ್ತವ್ಯ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್, ಶಿಕ್ಷಕರು ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸಬೇಕೆಂದು ವಿಧಿಸುತ್ತದೆ. ಅದೇ ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಎಸ್.ಡಿ.ಎಂ.ಸಿ. ಎಂದು ಕರೆಯುವುದು ಇದನ್ನೇ. ಆದುದರಿಂದ ತಾಯಂದಿರೇ, ಶಾಲೆಯ ಬಾಗಿಲಲ್ಲಿ ಸಂಕೋಚದಿಂದ ನಿಲ್ಲಬೇಡಿರಿ.

ಕಾಯ್ದೆಗಿಂತ ಮೊದಲೇ ನಮ್ಮ ದೀನ್ ಈ ಹೊಣೆಯನ್ನು ನಮ್ಮ ಮೇಲಿರಿಸಿದೆ. ಮಗು ಅಲ್ಲಾಹನು ಕೊಟ್ಟ ಅಮಾನತ್. ಹಗಲಿನಲ್ಲಿ ಶಿಕ್ಷಕನೂ ಸಂಜೆ ಪಾಲಕರೂ ಅದನ್ನು ಕಾಯುತ್ತಾರೆ. ಕಾವಲು ಬದಲಾಗುವಾಗ ಒಬ್ಬರು ಕಂಡುದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಅಮಾನತ್ತಿಗೆ ಹಾನಿಯಾಗುತ್ತದೆ.

ಈ ಪ್ರಸಂಗದ ಬಳಿಕ ನಾವು ಕೆಲವು ರೂಢಿಗಳನ್ನು ಬೆಳೆಸಿಕೊಂಡೆವು. ಯಾವ ಮನೆಯಲ್ಲಿ ಯಾರು ಯಾವ ಭಾಷೆಯನ್ನು ಓದುತ್ತಾರೆಂದು ವರ್ಷದ ಮೊದಲ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳುತ್ತೇವೆ. ಓದಲು ಬಾರದವರಿಗೆ ದಖ್ಖನಿಯಲ್ಲಿ ಮಾತನಾಡಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸುತ್ತೇವೆ. ಪಾಳಿ ಮುಗಿಸಿ ಬಂದ ತಂದೆ ಅದನ್ನು ತನಗೆ ಬಿಡುವಾದಾಗ ಕೇಳುತ್ತಾರೆ. ಮಗು ತಪ್ಪು ಮಾಡಿದಾಗ ಮಾತ್ರ ಹೇಳಿ ಕಳುಹಿಸುವ ಪದ್ಧತಿಯನ್ನು ಬಿಟ್ಟೆವು. ಹಾಗೆ ಮಾಡಿದರೆ ಶಾಲೆಯ ನಂಬರು ಕಂಡೊಡನೆಯೇ ಮನೆಯವರು ಬೆದರುತ್ತಾರೆ, ಪೆಟ್ಟು ಬೀಳುವುದು ಮಗುವಿಗೆ. ಯಾರ ನ್ಯೂನತೆಯನ್ನೂ, ಅಂಕಗಳನ್ನೂ ಎಲ್ಲರಿರುವ ಗುಂಪಿನಲ್ಲಿ ಹಾಕುವುದಿಲ್ಲ. ಇತರರ ಕುಂದನ್ನು ಮರೆಮಾಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯು ಮಕ್ಕಳಿಗೂ ಅನ್ವಯಿಸುತ್ತದೆ. ಪ್ರತಿ ಮಾತಿನ ಕೊನೆಯಲ್ಲಿ "ಮನೆಯಲ್ಲಿ ಹೇಗಿದ್ದಾನೆ? ನಮಗೆ ತಿಳಿಯಬೇಕಾದದ್ದು ಏನಾದರೂ ಇದೆಯೇ?" ಎಂದು ಕೇಳುತ್ತೇವೆ. ಆ ಬಾಲಕನ ತಾಯಿಯನ್ನು ನಾವು ಕೇಳದೆ ಹೋದ ಪ್ರಶ್ನೆ ಇದೇ.

ಪಾಲಕರಲ್ಲಿಯೂ ಒಂದು ಮನವಿಯಿದೆ. ಹ. ಅನಸ್(ರ)ರ ಪುಟ್ಟ ತಮ್ಮನಾದ ಅಬೂ ಉಮೈರ್ ಎಂಬ ಬಾಲಕನ ಬಳಿ ಒಂದು ಚಿಕ್ಕ ಹಕ್ಕಿಯಿತ್ತು. ಪ್ರವಾದಿವರ್ಯರು(ಸ) ಆ ಮನೆಗೆ ಬಂದಾಗ ಅವನಲ್ಲಿ ಆ ಹಕ್ಕಿಯ ವಿಷಯವನ್ನೇ ವಿಚಾರಿಸಿದರೆಂದು ಹದೀಸ್‌ಗಳಲ್ಲಿದೆ. ಇಡೀ ಸಮುದಾಯದ ಭಾರ ಹೊತ್ತವರು ಒಂದು ಮಗುವಿನ ಪುಟ್ಟ ಲೋಕದೊಳಗೆ ಇಳಿದು ಮಾತನಾಡಿಸಿದರು. "ಇವತ್ತು ಏನು ಕಲಿತೆ?" ಎಂಬ ಪ್ರಶ್ನೆಗೆ "ಕುಚ್ ನೈ" ಎನ್ನುವ ಮಗು, "ಇವತ್ತು ಬಿಸಿಯೂಟಕ್ಕೆ ನಿನ್ನ ಪಕ್ಕ ಯಾರು ಕುಳಿತಿದ್ದರು?" ಎಂದರೆ ಬಾಯಿ ತೆರೆಯುತ್ತದೆ. ಅಂಥ ಒಂದು ಪ್ರಶ್ನೆ ತಾಯಿಯ ಕೈಗೆ ಸಿಗಲೆಂದೇ ನಾವು ದಿನದ ಒಂದು ಚಿಕ್ಕ ಸಂಗತಿಯನ್ನು ಕಳುಹಿಸುತ್ತೇವೆ: ಇಂದು ಮಕ್ಕಳು ಅಂಗಳದ ಬೇವಿನ ಎಲೆಗಳನ್ನು ಎಣಿಸಿದರು, ಇಂದು ನಿಮ್ಮ ಮಗಳು ಗೆಳತಿಗೆ ತನ್ನ ಪೆನ್ಸಿಲು ಕೊಟ್ಟಳು, ಹೀಗೆ. ಉಳಿದುದನ್ನು ಮಗುವೇ ಹೇಳುತ್ತದೆ.

ಹೇಳುವಾಗ ಕೇಳಿಸಿಕೊಳ್ಳುವವರು ಬೇಕು. ಹ. ಯೂಸುಫ್(ಅ) ಬಾಲ್ಯದಲ್ಲಿ ತಾನು ಕಂಡ ಕನಸನ್ನು ತಂದೆಯ ಬಳಿಯೇ ಹೇಳಿದರು, ಹ. ಯಾಕೂಬ್(ಅ) ಅದನ್ನು ಕೇಳಿ, ನಗದೆ, ಗದರದೆ ಪ್ರೀತಿಯಿಂದ ಎಚ್ಚರಿಸಿದರು. ಕೇಳುವ ತಂದೆಯಿದ್ದುದರಿಂದಲೇ ಮಗ ಹೇಳಿದ.

ಆ ಬಾಲಕ ಈಗ ಪ್ರೌಢಶಾಲೆಯಲ್ಲಿದ್ದಾನೆ. ದಾರಿಯಲ್ಲಿ ಸಿಕ್ಕರೆ ದೂರದಿಂದಲೇ ನಮ್ಮನ್ನು ಗುರುತಿಸಿ ಸಲಾಂ ಹೇಳುತ್ತಾನೆ. ಅವನ ತಾಯಿಯ ಎರಡು ಉರ್ದು ಸಹಿಗಳಿರುವ ಪುಸ್ತಕದ ಹಾಳೆಯನ್ನು ಅವನಿಂದಲೇ ಕೇಳಿ ಪಡೆದು ನಮ್ಮ ಮೇಜಿನಲ್ಲಿಟ್ಟುಕೊಂಡಿದ್ದೇವೆ. ಹೊಸ ವರ್ಷದ ತರಗತಿ ಆರಂಭವಾದಾಗಲೆಲ್ಲ ಅದನ್ನು ತೆಗೆದು ನೋಡುತ್ತೇವೆ.

ನಮಗೊಪ್ಪಿಸಲಾದ ಮಕ್ಕಳ ವಿಷಯದಲ್ಲಿ ನಾಳೆ ವಿಚಾರಣೆಯ ದಿನ ಉತ್ತರ ಹೇಳಲು ಅಲ್ಲಾಹನು ಶಿಕ್ಷಕರನ್ನೂ ಪಾಲಕರನ್ನೂ ಅರ್ಹರನ್ನಾಗಿ ಮಾಡಲಿ. ಆಮೀನ್.