ಬುಡದ ನೆರಳು

ಗೋಕಾಕದ ಕಟ್ಟಿಗೆಯ ಮಾವಿನಹಣ್ಣು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಹಗುರ ಕಟ್ಟಿಗೆ ಕೆತ್ತಿ, ಹಳದಿಯೊಳಗೆ ಕೆಂಪು ಕರಗುವ ಹಾಗೆ ಬಣ್ಣ ಹಚ್ಚಿದವರ ಕಸುಬು ಅಷ್ಟು ಗಟ್ಟಿ. ಈ ವಾರ ಮೊಬೈಲಿಗೆ ಬಂದ ಜಾಹೀರಾತಿನಲ್ಲಿ ಅಂಥದೇ ಒಂದು ಹಣ್ಣು ಗಾಳಿಯಲ್ಲಿ ತೇಲುತ್ತಿತ್ತು. ಎಡಿಟ್ ಮಾಡಿದವರು ಡ್ರಾಪ್ ಶ್ಯಾಡೋ ಒತ್ತಿ ಕೈ ತೊಳೆದುಕೊಂಡಿದ್ದರು.

ಆ ಡ್ರಾಪ್ ಶ್ಯಾಡೋ ಮೇಲೆ ನನ್ನ ಸಿಟ್ಟು ಹಳೆಯದು. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರಲ್ಲಿ. ಈ ದಿಢೀರ್ ನೆರಳು ಬಂದದ್ದು 1998ರಲ್ಲಿ, ಐದನೆಯ ಆವೃತ್ತಿಯ ಜೊತೆ. ವಸ್ತುವಿನ ಆಕಾರವನ್ನೇ ತುಸು ಸರಿಸಿ, ಮಸುಕು ಮಾಡಿ ಹಿಂದೆ ಇಡುವುದಷ್ಟೇ ಅದರ ಕೆಲಸ. ಬ್ಯಾನರಿನ ಅಕ್ಷರಕ್ಕೆ, ಗೋಡೆಯ ಚೀಟಿಗೆ ಸರಿ. ಖಾನಾಪುರದ ಮಣ್ಣಿನ ಕೊಡಕ್ಕೆ, ಬೆಲ್ಲದ ಪೆಂಟಿಗೆ ಅದನ್ನು ಹಾಕಿದರೆ ತೂಕವೇ ಹೋಗುತ್ತದೆ. ಕೂತ ವಸ್ತುವಿನ ನೆರಳು ಹಿಂದೆ ಇರುವುದಿಲ್ಲ, ಬುಡದಲ್ಲಿ ಹುಟ್ಟಿ ನೆಲದ ಮೇಲೆ ಹರಿಯುತ್ತದೆ.

ಫೋಟೋ ತಿದ್ದುವಾಗ ನಾನು ಮೊದಲು ಹಚ್ಚುವುದು ಆ ಬುಡದ ಗೆರೆಯನ್ನು. ಹಣ್ಣು ಕಾಗದಕ್ಕೆ ತಾಗಿದಲ್ಲಿ ಕೂದಲಿನಷ್ಟು ಜಾಗ, ಹೆಚ್ಚುಕಡಿಮೆ ಕಪ್ಪು. ಇದೊಂದಿದ್ದರೆ ಉಳಿದ ನೆರಳು ತುಸು ತಪ್ಪಿದರೂ ವಸ್ತು ನೆಲ ಬಿಟ್ಟು ಏಳುವುದಿಲ್ಲ. ಆಮೇಲೆ ಬೀಳುನೆರಳು. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. ಆದ್ದರಿಂದ ನೆರಳಿನ ಅಂಚು ದೂರ ಹೋದಂತೆ ಹರಡಿಕೊಳ್ಳುತ್ತದೆ, ಒಂದು ಮೀಟರಿಗೆ ಸುಮಾರು 9 ಮಿಲಿಮೀಟರ್. ಕಿಟಕಿಯ ಬೆಳಕಾದರೆ ಇನ್ನೂ ಹೆಚ್ಚು. ಹೀಗಿರುವಾಗ ಇಡೀ ನೆರಳಿಗೆ ಒಂದೇ ಗಾಸಿಯನ್ ಬ್ಲರ್ ಬಳಿಯುವುದು ಯಾವ ನ್ಯಾಯ? ಎರಡು ಪ್ರತಿ ಮಾಡಿ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಮಸುಕು ಕೊಟ್ಟು, ಗ್ರೇಡಿಯಂಟ್ ಮಾಸ್ಕಿನಿಂದ ಬೆಸೆಯಬೇಕು. ಮಲ್ಟಿಪ್ಲೈ ಮೋಡಿನಲ್ಲಿಟ್ಟು ಅಪಾರದರ್ಶಕತೆ ಇಳಿಸುತ್ತ ಬರಬೇಕು.

ಬಣ್ಣದ ವಿಷಯ ಇನ್ನೂ ಸೊಗಸು. ನಮ್ಮ ಕಡೆಯ ಚಚಡಿ ಹಳ್ಳಿಯಲ್ಲಿ ಇಳಿಹೊತ್ತಿಗೆ ಮಾಳಿಗೆ ಹತ್ತಿ, ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಕೆಂಪು ಹಣ್ಣು ಇಟ್ಟು ನೋಡಿ. ನೆರಳಿನ ಹೊರಭಾಗ ನೀಲಿ, ಏಕೆಂದರೆ ಬಿಸಿಲು ತಡೆದಲ್ಲಿ ಆಕಾಶದ ಬೆಳಕು ತುಂಬುತ್ತದೆ. ಬಿಸಿಲು ಬಿದ್ದ ಕಡೆ, ಹಣ್ಣಿನ ಪಕ್ಕದ ಕಾಗದ ಮೆಲ್ಲಗೆ ಕೆಂಪೇರಿರುತ್ತದೆ. ಇಷ್ಟೆಲ್ಲ ಇರುವಾಗ ಬರೀ ಕಪ್ಪು ಸುರಿಯುವವರನ್ನು ಕಂಡರೆ ಮೈ ಉರಿಯುತ್ತದೆ. ಹೊತ್ತಿನ ಲೆಕ್ಕವನ್ನೂ ಅವರು ಇಡುವುದಿಲ್ಲ. ಮೇ ಮೊದಲ ವಾರ, ಆಗಸ್ಟ್ ಎರಡನೆಯ ವಾರ ನಮ್ಮ ಕಡೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ಕೊಡದ ನೆರಳು ಅದರ ಹೊಟ್ಟೆಯ ಕೆಳಗೇ ಅಡಗುತ್ತದೆ. ಅಂಥ ನೆತ್ತಿಬಿಸಿಲಿನ ಫೋಟೋಕ್ಕೆ ಮಾರುದ್ದದ ಸಂಜೆನೆರಳು ಅಂಟಿಸಿದ್ದನ್ನು ನೋಡಿದ್ದೇನೆ.

ಮೈಸೂರು ಶೈಲಿಯ ಚಿತ್ರಗಳಲ್ಲಿ ಬೀಳುನೆರಳಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ, ಆದರೂ ಅಲ್ಲಿ ಯಾವ ದೇವರೂ ತೇಲುವುದಿಲ್ಲ. ಬೆಳಕು ಇಂಥ ಕಡೆಯಿಂದ ಬಂತೆಂದು ಆ ಚಿತ್ರ ಹೇಳಿಯೇ ಇಲ್ಲ. ಫೋಟೋ ಹೇಳುತ್ತದೆ: ಹಣ್ಣಿನ ಎಡಗೆನ್ನೆಯ ಮೇಲೆ ಹೊಳಪಿನ ಚುಕ್ಕೆ ಕೂತಿರುತ್ತದೆ. ಹಾಗಾದರೆ ಬಲಕ್ಕೆ ನೆರಳೆಲ್ಲಿ ಎಂದು ಕಣ್ಣು ಹುಡುಕುತ್ತದೆ.

ದೊಡ್ಡ ಆನ್‌ಲೈನ್ ಅಂಗಡಿಗಳು ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಕೇಳುತ್ತವೆ: ಕೆಂಪು, ಹಸಿರು, ನೀಲಿ ಮೂರೂ 255. ಇದನ್ನು ಕೇಳಿದ ಮಾರಾಟಗಾರರು ಎಲ್ಲ ಚಿತ್ರಕ್ಕೂ ಅದನ್ನೇ ಹಚ್ಚಿ, "ನೆರಳು ಹೊಲಸ ಕಾಣತೈತ್ರಿ, ತಗದಬಿಡ್ರಿ" ಅನ್ನುತ್ತಾರೆ. ಮುಖ್ಯ ಚಿತ್ರ ಬೋಳಾಗಿ ಹೋಗಲಿ, ಒಪ್ಪುತ್ತೇನೆ. ಎರಡನೆಯ, ಮೂರನೆಯ ಚಿತ್ರಕ್ಕೆ ಮಾತ್ರ ಒಪ್ಪುವುದಿಲ್ಲ. ಬೇಕಾದರೆ ದುಡ್ಡು ಕಡಿಮೆ ಕೊಡಿ, ಕೊಡ ನೆಲದ ಮೇಲೆ ಕೂರಬೇಕು ಅನ್ನುತ್ತೇನೆ.