ಮಂಜು ಮತ್ತು ಅನುವೃತ್ತಿ

ನಮ್ಮ ಗೃಹಿಣಿಯು ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ನಿಂತು ನಕ್ಕುದನ್ನು ಗುಂಡ್ಲುಪೇಟೆಯ ಅಳಿಯನು ಮೊಬೈಲಿನಲ್ಲಿ ಚಿತ್ರಿಸಿದ್ದನು. ಆಕೆ ತೀರಿಕೊಂಡ ಬಳಿಕ ಆ ವೀಡಿಯೋ ಬಂಧುಗಳ ಕೈದಾಟಿ ಚಾಮರಾಜನಗರದ ನಮ್ಮ ಮನೆಗೆ ಬಂದಿತು. ನೋಡಿದರೆ, ಮಂಜೆಲ್ಲ ಚೌಕಚೌಕವಾಗಿ ಒಡೆದಿತ್ತು, ಮುಖವೂ ಮಸುಕಾಗಿತ್ತು.

ಕಾರಣವನ್ನು ಮೊಮ್ಮಗನು ತಿಳಿಸಿದನು. 2003ರಲ್ಲಿ ಅಂಗೀಕೃತವಾದ ಎಚ್.264 ಎಂಬ ಸಂಕ್ಷೇಪಕ್ರಮವು ಮೊಬೈಲು, ಟೆಲಿವಿಷನ್, ಇಂಟರ್‌ನೆಟ್ಟುಗಳಲ್ಲಿ ಬಳಕೆಯಲ್ಲಿದೆ. ಸೆಕೆಂಡಿಗೆ 25 ಅಥವಾ 30 ಚಿತ್ರಗಳಿದ್ದರೂ ಅದು ಎಲ್ಲವನ್ನೂ ಇಡಿಯಾಗಿ ಬರೆಯದು. ಬಹುಪಾಲು, ಹಿಂದಿನದರಿಂದ ಬೇರೆಯಾದುದನ್ನಷ್ಟೇ ಬರೆಯುವುದು. ಪಾಣಿನಿಯ ಅನುವೃತ್ತಿಯೂ ಇಂತಹುದೇ ಅಲ್ಲವೆ? ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ತಾನೇ ಹರಿದುಬರುವುದು.

ಆದರೆ ಭೇದವೊಂದುಂಟು. ಪಾಣಿನಿಯು ಅರ್ಥವನ್ನು ಬಿಡನು. ಈ ಕ್ರಮವಾದರೋ ಕಣ್ಣು ಗಮನಿಸದೆಂದು ಸೂಕ್ಷ್ಮಭೇದಗಳನ್ನು ತೊರೆಯುವುದು. ಮಂಜೆಂದರೆ ಸೂಕ್ಷ್ಮಭೇದಗಳ ರಾಶಿಯಷ್ಟೆ! ಒಬ್ಬರಿಂದೊಬ್ಬರಿಗೆ ಕಳುಹುವಾಗ ಮತ್ತೆ ಮತ್ತೆ ಸಂಕ್ಷೇಪಗೊಂಡು ನಷ್ಟವು ಬೆಳೆಯುವುದು.

ಮರುದಿನವೇ ಗುಂಡ್ಲುಪೇಟೆಗೆ ಹೋಗಿ ಅಳಿಯನ ಮೊಬೈಲಿನಿಂದ ಮೂಲಪ್ರತಿಯನ್ನೇ ನಕಲುಮಾಡಿಸಿ ತಂದೆವು. ಅದೂ ಸಂಕ್ಷೇಪವೇ, ಆದರೆ ಒಮ್ಮೆ ಮಾತ್ರ. ಅದರಲ್ಲಿ ಮಂಜು ಮಂಜಾಗಿಯೇ ಇದೆ. ಆಕೆಯ ನಗೆಯೂ ಇದೆ. ವಾಚಕರು ತಮ್ಮ ತಮ್ಮ ಮನೆಯ ಮೂಲಪ್ರತಿಗಳನ್ನು ಕಾಪಾಡಿಕೊಳ್ಳಲೆಂದು ಇಷ್ಟನ್ನು ಬರೆದೆವು.